ನಾಲ್ಕು ತಿಂಗಳ ಮಗು ಇದ್ದಕ್ಕಿದ್ದಂತೆ ನಿದ್ದೆಗೆಟ್ಟಾಗ

ಪ್ರಶ್ನೆ: ನನ್ನ ಮಗಳಿಗೆ ಈಗ ನಾಲ್ಕು ತಿಂಗಳು ಹತ್ತು ದಿನ. ತುಂಬು ತಿಂಗಳಿಗೆ ಹುಟ್ಟಿದವಳು. ಹುಟ್ಟಿದಾಗ 2.9 ಕಿಲೋ, ಮೂರು ತಿಂಗಳಿಗೆ 5.4 ಕಿಲೋ, ಮೊನ್ನೆ ತೂಗಿದಾಗ 6.1 ಕಿಲೋ ಇದ್ದಳು. ಎದೆಹಾಲು ಮಾತ್ರ ಕೊಡುತ್ತಿದ್ದೇನೆ. ಹದಿನೈದು ದಿನಗಳ ಹಿಂದಿನವರೆಗೂ ರಾತ್ರಿ ಐದಾರು ಗಂಟೆ ಒಂದೇ ಸಮನೆ ಮಲಗುತ್ತಿದ್ದವಳು ಈಗ ಎರಡು ಗಂಟೆಗೊಮ್ಮೆ, ಕೆಲವು ದಿನ ಗಂಟೆಗೊಮ್ಮೆ ಏಳುತ್ತಾಳೆ. ಹಗಲು ಹಾಲು ಕುಡಿಯುವಾಗ ಎರಡು ನಿಮಿಷಕ್ಕೇ ಎದೆ ಬಿಟ್ಟು ಅತ್ತಿತ್ತ ನೋಡುತ್ತಾಳೆ, ಕೈ ಸದಾ ಬಾಯಲ್ಲಿ, ಸಂಜೆಯಾದರೆ ರಚ್ಚೆ. ಹಾಲು ಸಾಲುತ್ತಿಲ್ಲ, ಬಾಟಲಿ ಹಾಲನ್ನೋ ಮೆತ್ತನೆಯ ಆಹಾರವನ್ನೋ ಶುರುಮಾಡು ಎಂದು ಅತ್ತೆಯವರು ಹೇಳುತ್ತಾರೆ. ಫೋನಿನ ಆ್ಯಪ್ ನೋಡಿದರೆ ಇದು ‘ಬೆಳವಣಿಗೆಯ ಜಿಗಿತದ ವಾರ’ ಎನ್ನುತ್ತದೆ. ಇದೇ ವಯಸ್ಸಿನ ನನ್ನ ಗೆಳತಿಯ ಮಗು ಆಗಲೇ ಮಗುಚಿಕೊಳ್ಳುತ್ತದೆ, ಇವಳು ಮಗ್ಗುಲಿನವರೆಗೆ ಬಂದು ಅಲ್ಲಿಯೇ ನಿಲ್ಲುತ್ತಾಳೆ. ನಾನು ಏನು ಮಾಡಬೇಕು? ಇದು ಎಷ್ಟು ದಿನ?

ಉತ್ತರ: ನೀವು ಮೂರು ತೂಕಗಳನ್ನು ಬರೆದು ಕಳುಹಿಸಿದ್ದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ವಾದದ ಅರ್ಧ ಭಾಗವನ್ನು ಆ ಮೂರು ಅಂಕಿಗಳೇ ತೀರ್ಮಾನಿಸುತ್ತವೆ. ಮೊದಲ ಮೂರು ತಿಂಗಳಲ್ಲಿ ನಿಮ್ಮ ಮಗಳು ಎರಡೂವರೆ ಕಿಲೋ ಕೂಡಿಸಿಕೊಂಡಿದ್ದಾಳೆ, ಅಂದರೆ ದಿನಕ್ಕೆ ಸುಮಾರು 28 ಗ್ರಾಂ. ಆಮೇಲಿನ ನಲವತ್ತು ದಿನಗಳಲ್ಲಿ 700 ಗ್ರಾಂ, ಅಂದರೆ ದಿನಕ್ಕೆ ಹದಿನೇಳು ಹದಿನೆಂಟು ಗ್ರಾಂ. ಈ ಇಳಿಕೆಯನ್ನು ನೋಡಿ ಹಾಲು ಕಡಿಮೆಯಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಎಲ್ಲ ಆರೋಗ್ಯವಂತ ಶಿಶುಗಳ ತೂಕವೂ ಹೀಗೆಯೇ ಏರುತ್ತದೆ: ಮೊದಲ ಮೂರು ತಿಂಗಳು ದಿನಕ್ಕೆ 25ರಿಂದ 30 ಗ್ರಾಂ, ಮೂರರಿಂದ ಆರು ತಿಂಗಳವರೆಗೆ 15ರಿಂದ 20 ಗ್ರಾಂ. ಹುಟ್ಟಿದಾಗಿನ ತೂಕ ಎರಡರಷ್ಟಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ನಿಮ್ಮ ಮಗಳು ಆ ಗಡಿಯನ್ನು ಈಗಾಗಲೇ ದಾಟಿದ್ದಾಳೆ. ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಬಾರಿ ತಿಳಿಬಣ್ಣದ ಮೂತ್ರ ಮಾಡುತ್ತಿದ್ದರೆ, ಎಚ್ಚರವಿದ್ದಾಗ ಚುರುಕಾಗಿದ್ದರೆ, ಹಾಲು ಸಾಲುತ್ತಿಲ್ಲ ಎಂಬ ಮಾತನ್ನು ನೀವು ಧೈರ್ಯವಾಗಿ ಬದಿಗಿಡಬಹುದು.

ಅತ್ತೆಯವರಿಗೆ ಈ ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ. ಹೆರಿಗೆಯಾದ ಮೊದಲ ವಾರಗಳಲ್ಲಿ ಎದೆ ಬಿಗಿಯುತ್ತದೆ, ಹಾಲು ಸೋರಿ ಬಟ್ಟೆ ನೆನೆಯುತ್ತದೆ. ಈ ಹೊತ್ತಿಗೆ ಅವೆಲ್ಲ ನಿಂತು ಎದೆ ಮೆತ್ತಗಾಗಿರುತ್ತದೆ. ನೋಡುವವರಿಗೆ ಅದು ಹಾಲು ಬತ್ತಿದಂತೆ ಕಾಣುತ್ತದೆ. ನಿಜವಾಗಿ ಆದದ್ದೆಂದರೆ, ಮಗುವಿಗೆ ಬೇಕಾದಷ್ಟನ್ನೇ ತಯಾರಿಸುವುದನ್ನು ದೇಹ ಕಲಿತಿದೆ. ಒಂದನೆಯ ತಿಂಗಳಿನಿಂದ ಆರನೆಯ ತಿಂಗಳವರೆಗೆ ಎದೆಹಾಲನ್ನಷ್ಟೇ ಕುಡಿಯುವ ಮಗು ದಿನಕ್ಕೆ ಕುಡಿಯುವ ಹಾಲಿನ ಪ್ರಮಾಣ ಸರಾಸರಿ 750ರಿಂದ 800 ಮಿಲಿಲೀಟರಿನ ಆಸುಪಾಸಿನಲ್ಲಿಯೇ ನಿಂತಿರುತ್ತದೆ, ಹೆಚ್ಚೇನೂ ಏರುವುದಿಲ್ಲ. ಮಗುವಿನ ಬೆಳವಣಿಗೆಯ ವೇಗ ತಗ್ಗುವುದರಿಂದ ಅಷ್ಟೇ ಹಾಲು ಸಾಕಾಗುತ್ತದೆ. ಎದೆ ಖಾಲಿಯಾದಷ್ಟೂ ಹಾಲು ಬೇಗ ಬೇಗ ತಯಾರಾಗುತ್ತದೆ, ತುಂಬಿಯೇ ಉಳಿದರೆ ತಯಾರಿಕೆ ನಿಧಾನವಾಗುತ್ತದೆ. ಅನುಮಾನದಿಂದ ರಾತ್ರಿಯೊಂದು ಬಾಟಲಿ ಸೇರಿಸಿದರೆ ಆ ಹೊತ್ತಿನ ಬೇಡಿಕೆ ಎದೆಗೆ ತಲುಪುವುದಿಲ್ಲ. ಕೆಲವೇ ವಾರಗಳಲ್ಲಿ, ಇಲ್ಲದಿದ್ದ ಕೊರತೆ ನಿಜವಾಗಿಯೂ ಉಂಟಾಗಬಹುದು.

ಇನ್ನು ಆ್ಯಪ್ ಹೇಳುವ ‘ಜಿಗಿತ’ದ ವಿಷಯ. ಈ ಪದದೊಳಗೆ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಒಂದು, ದೇಹದ ಉದ್ದ ಮತ್ತು ತೂಕ ಏರುವುದು. ಇನ್ನೊಂದು, ಮಿದುಳು ಹೊಸ ಕೆಲಸಗಳನ್ನು ಕಲಿಯುವುದು. ದೇಹ ಒಂದೇ ಸಮನೆ ಬೆಳೆಯುವುದಿಲ್ಲ ಎಂಬ ಮಾತಿಗೆ ಆಧಾರವಿದೆ. ಮಿಷೆಲ್ ಲ್ಯಾಂಪ್ಲ್ ಎಂಬ ಮಾನವಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು 31 ಶಿಶುಗಳ ಉದ್ದವನ್ನು ಮೇಲಿಂದ ಮೇಲೆ ಅಳೆದು 1992ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಗು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಒಂದಿಷ್ಟೂ ಉದ್ದವಾಗದೆ ಇದ್ದು, ಆಮೇಲೆ ಥಟ್ಟನೆ ಅರ್ಧದಿಂದ ಎರಡೂವರೆ ಸೆಂಟಿಮೀಟರಿನಷ್ಟು ಬೆಳೆದುಬಿಡುತ್ತದೆ. ಆ ಅಳತೆಯ ವಿಧಾನವನ್ನು ಪ್ರಶ್ನಿಸಿದವರೂ ಇದ್ದಾರೆ, ಅದಿರಲಿ. ನಿಮಗೆ ಮುಖ್ಯವಾಗುವುದು 2011ರಲ್ಲಿ ಅವರೇ 23 ಶಿಶುಗಳ ನಿದ್ದೆಯ ದಾಖಲೆಗಳನ್ನು ಇಟ್ಟುಕೊಂಡು ಕಂಡುಕೊಂಡ ಇನ್ನೊಂದು ವಿಷಯ: ಉದ್ದ ಬೆಳೆಯುವ ದಿನಗಳ ಹಿಂದುಮುಂದು ಮಕ್ಕಳು ಎಂದಿಗಿಂತ ಹೆಚ್ಚು ನಿದ್ದೆ ಮಾಡಿದ್ದವು, ಕಡಿಮೆಯಲ್ಲ. ಹಾಗಾಗಿ ಒಂದೆರಡು ದಿನ ಮಗು ಗಂಟೆಗೊಮ್ಮೆ ಹಾಲಿಗೆ ಹಾತೊರೆದು, ಮರುದಿನ ಹೊತ್ತಿಲ್ಲದ ಹೊತ್ತಿನಲ್ಲಿ ಮಲಗಿಕೊಂಡರೆ ಅದನ್ನು ದೇಹದ ಬೆಳವಣಿಗೆಯ ಲೆಕ್ಕಕ್ಕೆ ಬರೆಯಬಹುದು. ಹದಿನೈದು ದಿನಗಳಿಂದ ನಡೆಯುತ್ತಿರುವ ನಿಮ್ಮ ಮಗಳ ರಾತ್ರಿ ಜಾಗರಣೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ಅದು ಸೇರುವುದು ನಿದ್ದೆಯೇ ಬದಲಾಗುತ್ತಿರುವ ಲೆಕ್ಕಕ್ಕೆ. ನವಜಾತ ಶಿಶುವಿನ ನಿದ್ದೆಯಲ್ಲಿ ಸರಿಸುಮಾರು ಅರ್ಧದಷ್ಟು, ಕಣ್ಣುಗುಡ್ಡೆ ಮಿಸುಕುವ, ಮುಖ ಕಿವುಚುವ, ಕೈಕಾಲು ಜಗ್ಗುವ ‘ಚಟುವಟಿಕೆಯ ನಿದ್ದೆ’. ಉಳಿದರ್ಧ ನಿಶ್ಚಲ ನಿದ್ದೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ಈ ಸರಳ ವ್ಯವಸ್ಥೆ ಕಳಚಿ, ದೊಡ್ಡವರಲ್ಲಿ ಇರುವಂತೆ ಜೋಂಪಿನಿಂದ ಗಾಢ ನಿದ್ದೆಯವರೆಗಿನ ಹಂತಗಳು ಮೂಡುತ್ತವೆ. ಹಗಲು ರಾತ್ರಿಯ ಭೇದವನ್ನು ದೇಹ ಗುರುತಿಸತೊಡಗುವುದೂ ಇದೇ ಸುಮಾರಿಗೆ. ಒಂದೊಂದು ಸುತ್ತು ಐವತ್ತರಿಂದ ಅರವತ್ತು ನಿಮಿಷದ್ದು. ಸುತ್ತು ಮುಗಿದಾಗಲೆಲ್ಲ ನಿದ್ದೆ ತೆಳುವಾಗುತ್ತದೆ. ನಾವೂ ನೀವೂ ರಾತ್ರಿಯಲ್ಲಿ ಹಾಗೆ ಹಲವು ಬಾರಿ ಅರೆ ಎಚ್ಚರವಾಗಿ, ಮಗ್ಗುಲು ಬದಲಿಸಿ, ಬೆಳಗ್ಗೆ ಅದು ನೆನಪೂ ಇಲ್ಲದಂತೆ ಮಲಗಿಬಿಡುತ್ತೇವೆ. ಕೂಸಿಗೆ ಆ ಮರಳಿ ಮಲಗುವ ವಿದ್ಯೆ ಇನ್ನೂ ಬಂದಿಲ್ಲ. ಎಚ್ಚರವಾದೊಡನೆ ಮಲಗುವಾಗ ಇದ್ದ ಮಡಿಲು ಇಲ್ಲದ್ದು ತಿಳಿಯುತ್ತದೆ, ಕರೆಯುತ್ತದೆ. ಇದನ್ನು ಹಿಂಜರಿತ ಎಂದು ಕರೆಯುವ ರೂಢಿ ಬಂದಿದೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ, ಏಕೆಂದರೆ ಇಲ್ಲಿ ಹಿಂದಕ್ಕೆ ಹೋದದ್ದು ಏನೂ ಇಲ್ಲ. ಹೊಸದಾಗಿ ಬಂದ ನಿದ್ದೆ ಇನ್ನು ಮುಂದೆ ಹೀಗೆಯೇ ಇರುತ್ತದೆ, ಹಳೆಯದಕ್ಕೆ ಮರಳುವುದಿಲ್ಲ. ಬದಲಾಗಬೇಕಾದದ್ದು ಸುತ್ತುಗಳ ನಡುವಿನ ಸಂದಿಯನ್ನು ಮಗು ದಾಟುವ ಬಗೆ. ಎಷ್ಟು ದಿನ ಎಂದು ಕೇಳಿದ್ದೀರಿ. ಈಗಿನ ತೀವ್ರತೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ; ಆದರೆ ರಾತ್ರಿ ಒಂದೆರಡು ಸಲ ಏಳುವುದು ಈ ವಯಸ್ಸಿನಲ್ಲಿ ಸಹಜವೇ ಆಗಿದ್ದು, ಅನೇಕ ಮಕ್ಕಳಲ್ಲಿ ವರ್ಷ ತುಂಬುವವರೆಗೂ ಮುಂದುವರಿಯುತ್ತದೆ. ಇಂಥ ದಿನಕ್ಕೆ ಮುಗಿಯುತ್ತದೆ ಎಂದು ತಾರೀಖು ಕೊಡುವವರನ್ನು ನಂಬಬೇಡಿ.

ಆ್ಯಪಿನ ವಾರಪಟ್ಟಿಯ ತೊಂದರೆಯೂ ಇದೇ. ಎಲ್ಲ ಮಕ್ಕಳೂ ಇಂತಿಂಥ ವಾರಗಳಲ್ಲಿ ರಚ್ಚೆ ಹಿಡಿದು, ಇಂತಿಂಥ ವಾರದಲ್ಲಿ ಸುಧಾರಿಸುತ್ತಾರೆ ಎಂಬುದಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ಅದನ್ನು ಮತ್ತೆ ಪರೀಕ್ಷಿಸಲು ಹೊರಟ ಸಂಶೋಧಕರಿಗೆ ಅದೇ ವಾರಗಳು ಸಿಗಲಿಲ್ಲ. ಮಕ್ಕಳ ನಡುವಿನ ಅಂತರ ಎಷ್ಟಿರಬಹುದು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ ಅವರು ಕೊಟ್ಟ ಅವಧಿಗಳ ಪ್ರಕಾರ, ಆಸರೆಯಿಲ್ಲದೆ ಕುಳಿತುಕೊಳ್ಳುವುದು 3.8 ತಿಂಗಳಿನಿಂದ 9.2 ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ. ಒಂಬತ್ತು ತಿಂಗಳಷ್ಟು ಅಗಲವಾದ ಬಾಗಿಲು ಅದು. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ಮುಂದಿನ ಹಂತಕ್ಕೆ ಹೋದದ್ದೂ ಅದೇ ಅಧ್ಯಯನದಲ್ಲಿ ಕಂಡಿತು. ಮಗುಚಿಕೊಳ್ಳುವುದಂತೂ ಬಹುಪಾಲು ಮಕ್ಕಳಲ್ಲಿ ನಾಲ್ಕರಿಂದ ಆರು ತಿಂಗಳ ನಡುವೆ ಆಗುವ ಕೆಲಸ. ನಿಮ್ಮ ಮಗಳು ಮಗ್ಗುಲಿಗೆ ಬಂದು ನಿಲ್ಲುತ್ತಾಳೆಂದರೆ ಅವಳು ತಡವಾಗಿಲ್ಲ, ನಡುದಾರಿಯಲ್ಲಿದ್ದಾಳೆ. ಗೆಳತಿಯ ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ ಅದರ ವಯಸ್ಸನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕ ಹಾಕಬೇಕು ಎಂಬುದೂ ನೆನಪಿರಲಿ, ಹೋಲಿಸಲೇಬೇಕೆಂದಿದ್ದರೆ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಇಂಥ ಹಂತದಲ್ಲಿ ತಂದೆ ತಾಯಿ ಸಾಮಾನ್ಯವಾಗಿ ರಾತ್ರಿಯನ್ನು ಸರಿಪಡಿಸಲು ಹೊರಡುತ್ತಾರೆ. ತೊಂದರೆ ಕಾಣುವುದು ರಾತ್ರಿಯಲ್ಲಿ, ಆದ್ದರಿಂದ ಮದ್ದೂ ಅಲ್ಲೇ ಇರಬೇಕೆಂಬ ಭಾವನೆ. ನನ್ನ ಅಭಿಪ್ರಾಯದಲ್ಲಿ ಮಗುವಿಗೆ ನೀವು ಕೊಡಬಹುದಾದ ನೆರವಿನ ಬಹುಭಾಗ ಹಗಲಿನಲ್ಲಿದೆ. ರಾತ್ರಿಯಲ್ಲಿ ಬೇಕಾಗಿರುವುದು ಹೊಸದಾಗಿ ಏನನ್ನೂ ಸೇರಿಸದೆ ಇರುವ ತಾಳ್ಮೆ.

ಹಗಲಿನ ಮೊದಲ ಕೆಲಸ ಹಾಲಿನದು. ಹುಟ್ಟಿದಾಗ ಒಂದು ಗೇಣಿನಾಚೆ ಮಸುಕಾಗಿ ಕಾಣುತ್ತಿದ್ದ ಜಗತ್ತು ಈಗ ಕೋಣೆಯ ಆ ಮೂಲೆಯವರೆಗೆ ಸ್ಪಷ್ಟವಾಗಿದೆ. ಬಾಗಿಲು ಸದ್ದಾದರೆ, ಯಾರೋ ನಡೆದು ಹೋದರೆ, ನೀವು ಇನ್ನೊಬ್ಬರ ಜೊತೆ ಮಾತಾಡಿದರೆ, ಅವಳು ಎದೆ ಬಿಟ್ಟು ತಿರುಗುವುದು ಹಾಲು ಇಲ್ಲದ್ದಕ್ಕಲ್ಲ, ನೋಡುವುದು ಬಹಳ ಇರುವುದಕ್ಕೆ. ಆದರೆ ಹೀಗೆ ಹಗಲೆಲ್ಲ ಎರಡೆರಡು ನಿಮಿಷ ಕುಡಿದ ಮಗು ಬಾಕಿ ಹಾಲನ್ನು ರಾತ್ರಿ ವಸೂಲು ಮಾಡುತ್ತದೆ; ನಿಮ್ಮ ರಾತ್ರಿಗಳ ಒಂದು ಪಾಲು ಇಲ್ಲಿಂದ ಬಂದಿರುವ ಸಂಭವ ಹೆಚ್ಚು. ಹಗಲಿನಲ್ಲಿ ಕಡಿಮೆಯೆಂದರೂ ಮೂರು ನಾಲ್ಕು ಬಾರಿ, ಬೆಳಕು ಕಡಿಮೆ ಮಾಡಿದ, ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಫೋನನ್ನು ಹೊರಗಿಟ್ಟು ಹಾಲು ಕೊಡಿ. ನಿದ್ದೆಯಿಂದ ಎದ್ದ ಕೂಡಲೇ, ಇನ್ನೂ ಮಂಪರಿನಲ್ಲಿರುವಾಗ ಕೊಟ್ಟರೆ ಮಕ್ಕಳು ಚೆನ್ನಾಗಿ ಕುಡಿಯುತ್ತಾರೆ. ಬಿಟ್ಟು ತಿರುಗಿದಾಗ ಬಲವಂತವಾಗಿ ತಲೆ ಒತ್ತಬೇಡಿ. ಅರ್ಧ ನಿಮಿಷ ನೋಡಲು ಬಿಟ್ಟು ಮತ್ತೆ ಕರೆಯಿರಿ. ಕೈ ಬಾಯಿಗೆ ಹೋಗುವುದು ಮೊದಲ ತಿಂಗಳಲ್ಲಿ ಹಸಿವಿನ ಸೂಚನೆಯಾಗಿತ್ತು. ಈಗ ಅದು ಕೈಯನ್ನೇ ಪರಿಚಯ ಮಾಡಿಕೊಳ್ಳುವ ಕೆಲಸವೂ ಹೌದು. ಜೊಲ್ಲು ಸುರಿದರೂ ಹಲ್ಲು ಬರುತ್ತಿದೆ ಎಂದು ಅರ್ಥವಲ್ಲ, ಮೊದಲ ಹಲ್ಲು ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ ಮೂಡುತ್ತದೆ.

ಎರಡನೆಯದು ನೆಲ. ಈ ವಯಸ್ಸಿನ ಮಗುವಿಗೆ ಅತ್ಯುತ್ತಮ ಸಾಧನ ಯಾವುದೆಂದು ಕೇಳಿದರೆ ನಾನು ಹೇಳುವುದು ಒಂದು ಶುಭ್ರವಾದ ಚಾಪೆ. ತಾನಾಗಿ ಚಲಿಸಲು ಬಾರದ ಮಗುವನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ ಬೋರಲು ಮಲಗಿಸಬೇಕು, ಕುರ್ಚಿ, ತಳ್ಳುಗಾಡಿ ಮುಂತಾದವುಗಳಲ್ಲಿ ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ. ಮೂವತ್ತು ನಿಮಿಷ ಎಂದರೆ ಒಂದೇ ಸಲಕ್ಕಲ್ಲ. ಬಟ್ಟೆ ಬದಲಿಸಿದ ನಂತರ ಎರಡು ಮೂರು ನಿಮಿಷ, ಹೀಗೆ ಹತ್ತು ಹನ್ನೆರಡು ಸಲವಾದರೆ ಆಯಿತು. ಹಾಲು ಕುಡಿದ ಕೂಡಲೇ ಬೇಡ, ಕಕ್ಕಿಕೊಳ್ಳುತ್ತದೆ. ಬೋರಲು ಹಾಕಿದ ತಕ್ಷಣ ಅಳುವ ಮಗುವಾದರೆ ಮೊದಲು ನೀವು ಒರಗಿ ಕುಳಿತು ನಿಮ್ಮ ಎದೆಯ ಮೇಲೆ ಬೋರಲು ಮಲಗಿಸಿಕೊಳ್ಳಿ. ಆಮೇಲೆ ನೆಲದ ಮೇಲೆ, ಕಂಕುಳ ಕೆಳಗೆ ಸುರುಳಿ ಸುತ್ತಿದ ಸಣ್ಣ ಟವೆಲ್ ಇಟ್ಟು, ನೀವೂ ಎದುರಿಗೆ ಅದೇ ಎತ್ತರದಲ್ಲಿ ಮಲಗಿ ಮುಖ ತೋರಿಸಿ. ದಣಿದಾಗ ಅನಾಮತ್ತಾಗಿ ಎತ್ತಿಕೊಳ್ಳುವ ಬದಲು, ಒಂದು ಕೈ ಸೊಂಟಕ್ಕೆ ಕೊಟ್ಟು ನಿಧಾನವಾಗಿ ಮಗ್ಗುಲಿನ ಮೂಲಕ ಅಂಗಾತಕ್ಕೆ ಹೊರಳಿಸಿ. ಮಗುಚುವ ದಾರಿ ಯಾವುದೆಂದು ದೇಹಕ್ಕೆ ತಿಳಿಯುವುದು ಹೀಗೆ. ಅಂಗಾತ ಮಲಗಿರುವಾಗ ಒಂದೇ ಒಂದು ಆಟಿಕೆಯನ್ನು ಎದೆಯ ಮೇಲ್ಗಡೆ ಹಿಡಿದು ಎರಡೂ ಕೈ ಬರುವವರೆಗೆ ಕಾಯಿರಿ, ನಂತರ ಅದನ್ನು ಮೆಲ್ಲಗೆ ಒಂದು ಪಕ್ಕಕ್ಕೆ ಸರಿಸಿ. ಕಣ್ಣು ಹೋದತ್ತ ತಲೆ, ತಲೆ ಹೋದತ್ತ ಭುಜ, ಭುಜದ ಹಿಂದೆ ಸೊಂಟ ಬರುತ್ತದೆ. ನಿಮ್ಮ ಮಗಳು ಮಗ್ಗುಲಿನಲ್ಲಿ ನಿಲ್ಲುವುದು ಬಹುಶಃ ಕೆಳಗಿನ ತೋಳು ಸಿಕ್ಕಿಹಾಕಿಕೊಳ್ಳುವುದರಿಂದ. ಅದನ್ನು ನೀವು ಎಳೆದು ಬಿಡಿಸಬೇಡಿ. ಅಲ್ಲಿ ಅವಳು ಪಡುವ ಹೆಣಗಾಟವೇ ಕಲಿಕೆ. ಅತ್ತರೆ ಮಾತ್ರ ನೆರವಾಗಿ. ಕೂರಿಸುವ ಕುರ್ಚಿಗಳು, ಗಾಲಿಯ ವಾಕರುಗಳು ಮಗುವನ್ನು ಬೇಗ ಕಲಿಸುವುದಿಲ್ಲ. ವಾಕರಂತೂ ಅಪಘಾತಕ್ಕೆ ದಾರಿ.

ಹಗಲು ಇಷ್ಟು ಮಾಡಿದರೆ ರಾತ್ರಿ ನಿದ್ದೆ ಬಂದೇ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಹೊಸ ಚಲನೆ ಕಲಿಯುವ ದಿನಗಳಲ್ಲಿ ಮಕ್ಕಳು ರಾತ್ರಿ ಹೆಚ್ಚು ಏಳುತ್ತಾರೆ; ಅಂಬೆಗಾಲಿಡಲು ತೊಡಗುವ ವಯಸ್ಸಿನ ಮಕ್ಕಳಲ್ಲಿ ಇದನ್ನು ಅಧ್ಯಯನಗಳು ಗುರುತಿಸಿವೆ. ಆದರೆ ಮೈತುಂಬ ಚಲಿಸಲು ಜಾಗ ಸಿಗದೆ ಹಗಲು ಕಳೆದ ಮಗುವಿಗೆ ಆ ಕಲಿಕೆಯೇ ಉದ್ದವಾಗುತ್ತದೆ.

ಮೂರನೆಯದು ಮಾತು. ಅವಳು ‘ಊ’ ಎಂದರೆ ನೀವೂ ‘ಊ’ ಎನ್ನಿ, ಆಮೇಲೆ ಸುಮ್ಮನಿದ್ದು ಅವಳ ಸರದಿಗೆ ಕಾಯಿರಿ. ಐದಾರು ಸೆಕೆಂಡು ಬೇಕಾಗಬಹುದು, ದೊಡ್ಡವರಿಗೆ ಅದು ಬಹಳ ಎನ್ನಿಸುತ್ತದೆ. ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ಮಾಡಿದ ಪ್ರಯೋಗವೊಂದರಲ್ಲಿ, ಆಡಿಸುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕುಳಿತಾಗ, ಶಿಶುಗಳು ಮೊದಲು ನಕ್ಕು, ಕೂಗಿ, ಕೈಚಾಚಿ ಅವಳನ್ನು ಮರಳಿ ಕರೆಯಲು ನೋಡಿದವು, ಆಗಲಿಲ್ಲವೆಂದು ತಿಳಿದಾಗ ಮುಖ ತಿರುಗಿಸಿದವು. ಇದನ್ನು ಓದಿ ದಿನವಿಡೀ ಮಗುವಿನ ಮುಖವನ್ನೇ ನೋಡುತ್ತಿರಬೇಕೆಂದು ಹೆದರುವ ತಾಯಂದಿರಿದ್ದಾರೆ. ಅದು ಬೇಕಿಲ್ಲ, ತಾಯಿ ಮಗುವಿನ ತಾಳ ಸಹಜವಾಗಿಯೇ ಮತ್ತೆ ಮತ್ತೆ ತಪ್ಪುತ್ತದೆ, ಮತ್ತೆ ಕೂಡುತ್ತದೆ, ಆ ಕೂಡಿಕೊಳ್ಳುವುದರಲ್ಲಿಯೇ ಮಗು ಕಲಿಯುತ್ತದೆ ಎಂಬುದೂ ಅವರ ಕೆಲಸದಿಂದಲೇ ತಿಳಿದದ್ದು. ಅವಳು ಮುಖ ತಿರುಗಿಸಿದರೆ, ಆಕಳಿಸಿದರೆ, ಬೆರಳು ಅಗಲಿಸಿ ಬೆನ್ನು ಬಿಲ್ಲಾಗಿಸಿದರೆ ಸಾಕಾಯಿತು ಎಂದು ಅರ್ಥ. ಸಂಜೆಯ ರಚ್ಚೆಯಲ್ಲಿ ಬಹಳಷ್ಟು ಈ ದಣಿವೇ. ಆಗ ಹೊಸ ಆಟಿಕೆ ತೋರಿಸಿ ಮರೆಸುವ ಬದಲು ಬೆಳಕು ತಗ್ಗಿಸಿ, ಹೆಗಲಿಗೆ ಹಾಕಿಕೊಂಡು ಓಡಾಡುವುದು ಮೇಲು. ಅಳು ನಿಲ್ಲಿಸಲು ಫೋನಿನ ಪರದೆ ತೋರಿಸುವುದು ಬೇಡ. ವರ್ಷ ತುಂಬುವವರೆಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ರಾತ್ರಿಯ ಬಗ್ಗೆ. ಮಲಗುವ ಕೋಣೆ, ಮಲಗಿಸುವ ಬಗೆ, ಹಾಲು ಕೊಡುವ ಕ್ರಮ, ಇವೆಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಯಾವುದು ಫಲಿಸಿತು, ಯಾವುದು ಕೆಡಿಸಿತು ಎಂದು ತಿಳಿಯುವುದೇ ಇಲ್ಲ. ಹಾಗಾಗಿ ಇರುವ ಕ್ರಮವನ್ನೇ ಇಟ್ಟುಕೊಳ್ಳಿ. ಸದ್ದು ಬಂದೊಡನೆ ಎತ್ತಿಕೊಳ್ಳಬೇಡಿ. ನಿದ್ದೆಯಲ್ಲಿಯೇ ನರಳುವುದು, ಮಿಸುಕುವುದು, ಕ್ಷಣ ಕಣ್ಣು ತೆರೆಯುವುದು ಇರುತ್ತದೆ, ಒಂದೆರಡು ನಿಮಿಷ ಕಾದರೆ ಕೆಲವು ಸಲ ತಾನಾಗಿ ಮತ್ತೆ ಮಲಗುತ್ತಾಳೆ. ನಿಜವಾಗಿ ಎದ್ದು ಅತ್ತರೆ ಹೋಗಿ. ಹಸಿದಿದ್ದರೆ ಹಾಲು ಕೊಡಿ, ನಾಲ್ಕು ತಿಂಗಳಿಗೆ ರಾತ್ರಿ ಹಾಲು ತಪ್ಪೇನಲ್ಲ. ದೀಪ ಹಾಕಬೇಡಿ, ಮಾತಾಡಿಸಬೇಡಿ. ದಿನಕ್ಕೆ ಒಂದೇ ಸಲ, ಬೆಳಗಿನ ಮೊದಲ ನಿದ್ದೆಗೆ, ಪೂರ್ತಿ ನಿದ್ದೆಹೋಗುವ ಮುಂಚೆ ಮಂಪರಿನಲ್ಲಿರುವಾಗಲೇ ಹಾಸಿಗೆಯಲ್ಲಿ ಮಲಗಿಸಿ ನೋಡಿ. ಆಗದಿದ್ದರೆ ಬಿಟ್ಟುಬಿಡಿ, ವಾರದ ನಂತರ ಮತ್ತೆ ನೋಡಿ.

ಒಂದನ್ನು ಮಾತ್ರ ಇಂದಿನಿಂದಲೇ ಬದಲಿಸಬೇಕು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುತ್ತಿದ್ದರೆ ಅದನ್ನು ನಿಲ್ಲಿಸಿ. ಮಗ್ಗುಲಿಗೆ ಬರುವ ಮಗು ಯಾವ ರಾತ್ರಿ ಬೇಕಾದರೂ ಪೂರ್ತಿ ಮಗುಚಬಹುದು. ಕೈ ಕಟ್ಟಿರುವಾಗ ಮುಖ ಹಾಸಿಗೆಗೆ ಒತ್ತಿಕೊಂಡರೆ ತಿರುಗಿಸಿಕೊಳ್ಳಲಾಗದು. ಕಾರಣ ತಿಳಿಯದ ಹಠಾತ್ ಶಿಶುಮರಣದ ಅಪಾಯ ಎರಡರಿಂದ ನಾಲ್ಕು ತಿಂಗಳ ನಡುವೆ ಅತಿ ಹೆಚ್ಚು, ಆರು ತಿಂಗಳ ನಂತರ ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬು, ಮೆತ್ತನೆಯ ಹೊದಿಕೆ, ಗೊಂಬೆ ಯಾವುದೂ ಇಲ್ಲದೆ, ನಿಮ್ಮ ಕೋಣೆಯಲ್ಲಿಯೇ, ಆದರೆ ಅವಳದೇ ಆದ ಜಾಗದಲ್ಲಿ ಮಲಗಿಸಿ. ಎರಡೂ ಕಡೆಗೆ ತಾನಾಗಿ ಮಗುಚಲು ಬಂದಮೇಲೆ, ನಿದ್ದೆಯಲ್ಲಿ ಬೋರಲಾದರೆ ರಾತ್ರಿಯೆಲ್ಲ ಎದ್ದು ತಿರುಗಿಸುತ್ತಾ ಕೂರಬೇಕಿಲ್ಲ. ನಿಮ್ಮಷ್ಟು ದಣಿದ ತಾಯಿಗೆ ಇನ್ನೊಂದು ಮಾತು: ಸೋಫಾದ ಮೇಲೋ ಆರಾಮಕುರ್ಚಿಯಲ್ಲೋ ಹಾಲು ಕೊಡುತ್ತಾ ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯಕಾರಿ. ಆ ಹೊತ್ತಿನಲ್ಲಿ ಜೊತೆಗೆ ಒಬ್ಬರು ಎಚ್ಚರವಿರಲಿ.

ಮೆತ್ತನೆಯ ಆಹಾರದ ಪ್ರಶ್ನೆಗೆ ಉತ್ತರ ಚಿಕ್ಕದು. ಆರು ತಿಂಗಳು ತುಂಬುವ ಹೊತ್ತಿಗೆ, ಆಸರೆ ಕೊಟ್ಟರೆ ನೆಟ್ಟಗೆ ಕೂರುವಂತಾದಾಗ, ನಾಲಿಗೆಯಿಂದ ಹೊರತಳ್ಳುವುದು ನಿಂತಾಗ ಆರಂಭಿಸಿ. ಬೇಗ ಶುರುಮಾಡುವುದು ರಾತ್ರಿ ಏಳುವುದಕ್ಕೆ ಮದ್ದಲ್ಲ. ಅಲ್ಲಿಯವರೆಗೆ ನೀರೂ ಬೇಡ. ಜೇನುತುಪ್ಪ ವರ್ಷ ತುಂಬುವವರೆಗೆ ಕೂಡದು, ನಿದ್ದೆ ಬರಿಸುವ ಯಾವ ಔಷಧವೂ ಕೂಡದು.

‘ಇದು ಬೆಳವಣಿಗೆಯ ಹಂತ’ ಎಂಬ ಸಮಾಧಾನದ ಮಾತಿಗೆ ಒಂದು ಅಪಾಯವಿದೆ: ಅದರ ಮರೆಯಲ್ಲಿ ಕಾಯಿಲೆ ಕುಳಿತಿರಬಹುದು. ಇವುಗಳಲ್ಲಿ ನಾನು ಮೊದಲು ಹೇಳುವುದು ಶಿಶುಗಳ ಒಂದು ಬಗೆಯ ಸೆಳವನ್ನು, ಏಕೆಂದರೆ ಅದು ಹೆಚ್ಚಾಗಿ ಆರಂಭವಾಗುವುದು ನಾಲ್ಕರಿಂದ ಏಳು ತಿಂಗಳ ನಡುವೆ, ಮತ್ತು ಅದು ಸೆಳವಿನಂತೆ ಕಾಣುವುದೇ ಇಲ್ಲ. ಮಗು ಒಂದೆರಡು ಸೆಕೆಂಡು ತಲೆ ಬಾಗಿಸಿ, ಕೈಗಳನ್ನು ಥಟ್ಟನೆ ಮುಂದೆಯೋ ಮೇಲಕ್ಕೋ ಎಸೆದಂತೆ ಮಾಡಿ ಸಡಿಲಗೊಳ್ಳುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಹಾಗೆಯೇ. ಹೀಗೆ ಸಾಲುಸಾಲಾಗಿ, ಮುಖ್ಯವಾಗಿ ನಿದ್ದೆಯಿಂದ ಎದ್ದಾಗ. ಮನೆಯವರು ಬೆಚ್ಚಿಬಿದ್ದಿತೆಂದೋ ಹೊಟ್ಟೆನೋವೆಂದೋ ತಿಳಿಯುತ್ತಾರೆ. ಇಂಥದ್ದು ಕಂಡರೆ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಅದೇ ದಿನ ವೈದ್ಯರಿಗೆ ತೋರಿಸಿ, ಏಕೆಂದರೆ ಚಿಕಿತ್ಸೆ ತಡವಾದಷ್ಟೂ ಮಿದುಳಿನ ಬೆಳವಣಿಗೆಗೆ ಪೆಟ್ಟು. ಬಂದಿದ್ದ ಕೌಶಲ ಹೋಗಿಬಿಡುವುದು, ಅಂದರೆ ನಗುತ್ತಿದ್ದವಳು ನಗದಿರುವುದು, ಕಣ್ಣು ಕೂಡಿಸುತ್ತಿದ್ದವಳು ನೋಡದಿರುವುದು, ಬೆಳವಣಿಗೆಯ ಹಂತದ ಲಕ್ಷಣ ಎಂದಿಗೂ ಅಲ್ಲ. ಈ ವಯಸ್ಸಿಗೂ ಕತ್ತು ನಿಲ್ಲದಿದ್ದರೆ, ಮೈ ಬಟ್ಟೆಯಂತೆ ಜೋತುಬೀಳುತ್ತಿದ್ದರೆ ಅಥವಾ ಬಿಗಿದುಕೊಂಡಿದ್ದರೆ, ಮುಷ್ಟಿ ಸದಾ ಮುಚ್ಚಿಯೇ ಇದ್ದರೆ, ಒಂದೇ ಕಡೆಯ ಕೈಯನ್ನಷ್ಟೇ ಬಳಸುತ್ತಿದ್ದರೆ, ದನಿಯ ಕಡೆ ತಿರುಗದಿದ್ದರೆ, ಕಣ್ಣು ಓರೆಯಾಗಿಯೇ ನಿಂತಿದ್ದರೆ ತೋರಿಸಬೇಕು. ಜ್ವರ, ಹಾಲು ಪೂರ್ತಿ ನಿರಾಕರಿಸುವುದು, ಮೂತ್ರ ಗಣನೀಯವಾಗಿ ಕಡಿಮೆಯಾಗುವುದು, ಹಸಿರು ವಾಂತಿ, ನೆತ್ತಿಯ ಮೆತ್ತನೆಯ ಭಾಗ ಉಬ್ಬುವುದು, ಎತ್ತಿಕೊಂಡರೂ ಗಂಟೆಗಟ್ಟಲೆ ನಿಲ್ಲದ ಅಳು, ಎಬ್ಬಿಸಿದರೂ ಏಳದ ಮಂಪರು, ಇವು ಅಂದಂದೇ ನೋಡಬೇಕಾದವು. ನೀವು ಬರೆದಿರುವುದರಲ್ಲಿ ಇವುಗಳಲ್ಲಿ ಯಾವುದೂ ಇಲ್ಲ.

ಪತ್ರದಲ್ಲಿ ನೀವು ನಿಮ್ಮ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಹದಿನೈದು ದಿನ ಎರಡು ಗಂಟೆಗಿಂತ ಹೆಚ್ಚು ಒಟ್ಟಿಗೆ ಮಲಗದವರ ಮನಸ್ಸು ಸರಿಯಾಗಿ ಲೆಕ್ಕ ಹಾಕುವುದಿಲ್ಲ. ಹಾಲು ಸಾಲದೆಂಬ ಭಯ ಅರ್ಧರಾತ್ರಿಯಲ್ಲಿ ದೊಡ್ಡದಾಗಿ ಕಾಣುವುದು ಅದಕ್ಕೇ. ಹಾಲು ಕೊಡುವುದು ನಿಮ್ಮೊಬ್ಬರಿಂದ ಆಗುವ ಕೆಲಸ, ಆದರೆ ತೇಗಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಮಲಗಿಸುವುದು ಹಾಗಲ್ಲ. ರಾತ್ರಿಯ ಮೊದಲ ಹಾಲಾದ ಮೇಲೆ ಮುಂದಿನ ಮೂರು ನಾಲ್ಕು ಗಂಟೆ ಮಗುವಿನ ಹೊಣೆ ಪತಿಯದೋ ಅತ್ತೆಯವರದೋ ಆಗಿರಲಿ, ನೀವು ಬೇರೆ ಕೋಣೆಯಲ್ಲಿ ಮಲಗಿ. ಹಸಿವಿನ ಅಳು ಎಂದು ಅವರಿಗೆ ಖಚಿತವಾದಾಗ ಮಾತ್ರ ಎಬ್ಬಿಸಲಿ. ಅತ್ತೆಯವರ ಕಾಳಜಿಗೆ ಒಂದು ಕೆಲಸ ಸಿಕ್ಕರೆ ಬಾಟಲಿಯ ಮಾತು ಅರ್ಧ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ. ಅಳು ಸಹಿಸಲಾಗದೆ ಕೋಪ ಉಕ್ಕಿದ ಕ್ಷಣದಲ್ಲಿ ಮಗುವನ್ನು ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಬಾಗಿಲಾಚೆ ಹೋಗಿ ಐದು ನಿಮಿಷ ಕೂರುವುದರಲ್ಲಿ ತಪ್ಪಿಲ್ಲ. ಮಗುವನ್ನು ಅಲುಗಾಡಿಸುವುದು ಮಾತ್ರ ಎಂದೂ ಕೂಡದು. ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಎರಡು ವಾರಗಳಿಂದ ಯಾವುದರಲ್ಲೂ ಸಂತೋಷವಿಲ್ಲದಿದ್ದರೆ, ನಿಮಗಾಗಲಿ ಮಗುವಿಗಾಗಲಿ ಕೇಡಾದೀತೆಂಬ ಯೋಚನೆಗಳು ಬರುತ್ತಿದ್ದರೆ, ಅದು ದಣಿವಿಗಿಂತ ಮಿಗಿಲಾದದ್ದು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ. ವೈದ್ಯರನ್ನು ಕೇಳಿದರೆ ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ, ಅದಕ್ಕೆ ಒಳ್ಳೆಯ ಚಿಕಿತ್ಸೆಯೂ ಇದೆ.

ಸದ್ಯಕ್ಕೆ ಇಷ್ಟು ಮಾಡಿ. ನಾಳೆಯಿಂದ ಮೂರು ದಿನ ಒಂದು ಹಾಳೆಯಲ್ಲಿ, ಹಾಲು ಕೊಟ್ಟ ಹೊತ್ತು, ಮೂತ್ರದ ಬಟ್ಟೆಗಳ ಸಂಖ್ಯೆ, ಮಲಗಿ ಎದ್ದ ಹೊತ್ತು, ಇವನ್ನು ಮನೆಯಲ್ಲಿ ಯಾರಾದರೂ ಒಬ್ಬರು ಬರೆದಿಡಲಿ. ಇಪ್ಪತ್ತನಾಲ್ಕು ಗಂಟೆಯ ಒಟ್ಟು ನಿದ್ದೆ ಹನ್ನೆರಡರಿಂದ ಹದಿನಾರು ಗಂಟೆಯೊಳಗೆ ಬಂದರೆ, ತುಂಡುತುಂಡಾಗಿದ್ದರೂ, ಮಗುವಿನ ಪಾಲಿಗೆ ಅದು ಸಾಕು. ಹಗಲಿನ ಹಾಲನ್ನು ಶಾಂತವಾದ ಕೋಣೆಗೆ ಒಯ್ಯುವುದನ್ನೂ ನೆಲದ ಮೇಲಿನ ಹೊತ್ತನ್ನೂ ಹತ್ತು ದಿನ ನಡೆಸಿ. ಇನ್ನು ನಾಲ್ಕು ವಾರಕ್ಕೆ ಅದೇ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿಸಿ. ನಾನೂರು ಗ್ರಾಂ ಆಸುಪಾಸು ಏರಿದ್ದರೆ ಎದೆಹಾಲಿನ ಬಗ್ಗೆ ಮತ್ತೆ ಯೋಚಿಸಬೇಕಿಲ್ಲ, ಬಹಳ ಕಡಿಮೆ ಏರಿದ್ದರೆ ಆ ಹಾಳೆಯನ್ನೂ ತೂಕದ ಚೀಟಿಯನ್ನೂ ಹಿಡಿದು ನಿಮ್ಮ ಮಕ್ಕಳ ವೈದ್ಯರ ಬಳಿ ಹೋಗಿ, ಮಗು ಎದೆ ಹಿಡಿಯುವ ಬಗೆಯನ್ನು ಅವರ ಎದುರಿಗೇ ತೋರಿಸಿ.